ಬೆಳ್ಳಿ ಹಾಳೆಯೊಳಗಿನ ಕುಂಕುಮ

“ಇವು ತಾವಾಗಿ ಸತ್ತಿದ್ದಲ್ಲ ಮೇಡಂ. ಇವನ್ನ ಯಾರೋ ಕೊಂದಿದ್ದಾರೆ,” ಎಂದಳು ಐಶ್ವರ್ಯ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ.

ರಮ್ಯಶ್ರೀ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಪತ್ತೇದಾರಿಕೆಗೆ ಇಳಿದ ಮೇಲೆ ಇಂಥ ಮಾತನ್ನು ಎಷ್ಟೋ ಬಾಯಿಂದ ಕೇಳಿದ್ದಳು. ಆದರೆ ಕೊಲೆಯಾದವರು ಬರಿಗಣ್ಣಿಗೆ ಕಾಣದಷ್ಟು ಸಣ್ಣವರಾಗಿದ್ದುದು ಇದೇ ಮೊದಲು.

“ಸತ್ತಿದ್ದಕ್ಕೂ ಕೊಂದಿದ್ದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ?”

“ಹೆಣ ನೋಡಿದ್ರೆ ನಿಮಗೆ ಗೊತ್ತಾಗಲ್ವಾ? ಹಾಗೇ ನನಗೂ.” ಐಶ್ವರ್ಯ ಒಂದು ಗಾಜಿನ ಪಟ್ಟಿ ತೆಗೆದು ಇನ್ನೊಂದನ್ನು ಇಟ್ಟಳು. “ಮೊದಲು ಇದನ್ನ ನೋಡಿ. ಆಯುಧಪೂಜೆಗೆ ಮುಂಚೆ ನಾನೇ ಮಾಡಿದ ಸ್ಲೈಡು.”

ನೇರಳೆ ಬಣ್ಣದ ಚುಕ್ಕೆಗಳು. ಒಂದೊಂದೂ ಮುದುಡಿಕೊಂಡು, ಒಳಗಿನ ತಿರುಳು ಸಾಸಿವೆ ಕಾಳುಗಳ ಹಾಗೆ ಪುಡಿಯಾಗಿ, ಸುತ್ತ ಪುಟ್ಟ ಪುಟ್ಟ ಗುಳ್ಳೆ. ಸಾವಿನಲ್ಲೂ ಒಂದು ಅಚ್ಚುಕಟ್ಟು.

“ಇವು ಲುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರಿನ ಕಣಗಳು. ವಿಟಮಿನ್ ಕೆ ಜಾತಿಯ ನಮ್ಮ ಸಂಯುಕ್ತ ಒಳಗೆ ಹೋದ್ರೆ ಕಣದ ಮೈಟೊಕಾಂಡ್ರಿಯಾ ಇದೆಯಲ್ಲ, ಅದರ ಕರೆಂಟ್ ಆಫೀಸು ಅನ್ನಿ, ಅದರ ಗೋಡೆ ಸೋರೋಕೆ ಶುರುವಾಗುತ್ತೆ. ಆ ಸೋರಿಕೆ ಮಲಗಿದ್ದ ಕಿಣ್ವಗಳನ್ನ ಎಬ್ಬಿಸುತ್ತೆ. ಅವು ಕತ್ತರಿ ಇದ್ದ ಹಾಗೆ. ಒಳಗಿನದನ್ನೆಲ್ಲ ಕತ್ತರಿಸಿ ಗಂಟು ಕಟ್ಟಿ ಇಡ್ತವೆ. ಹೊರಗೋಡೆ ಒಡೆಯಲ್ಲ. ಅಕ್ಕಪಕ್ಕದವರಿಗೆ ಗಲೀಜಿಲ್ಲ.”

“ಬಾಡಿಗೆಯವರು ಮನೆ ಖಾಲಿ ಮಾಡೋ ಥರ,” ಎಂದಳು ರಮ್ಯಶ್ರೀ. ಅವಳದು ಬಾಡಿಗೆ ಮನೆಗಳ ನಡುವೆ ಬೆಳೆದ ಬದುಕು. “ಸಾಮಾನು ಕಟ್ಟಿ, ಕಸ ಗುಡಿಸಿ, ಬೀಗದಕೈ ಕೊಟ್ಟು ಹೋಗೋದು.”

“ಹೂಂ, ಅದೇ! ಕ್ಯಾನ್ಸರ್ ಕಣದ ರಗಳೆನೇ ಇದು. ಅಗ್ರಿಮೆಂಟ್ ಮುಗಿದ್ರೂ ಖಾಲಿ ಮಾಡಲ್ಲ. ಮೇಲೆ ನೆಂಟರನ್ನ ಬೇರೆ ತುಂಬಿಸುತ್ತೆ. ನಮ್ಮ ಸಂಯುಕ್ತ ಅದಕ್ಕೆ ಮರೆತುಹೋದ ಮರ್ಯಾದೆ ನೆನಪು ಮಾಡುತ್ತೆ, ಅಷ್ಟೇ.” ಐಶ್ವರ್ಯಳ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಮಿಂಚಿತು. “ಗಾಜಿನ ಫ್ಲಾಸ್ಕಿನಲ್ಲಿ ಮಾತ್ರ. ಮನುಷ್ಯರ ಮೈಯಲ್ಲಿ ಹಾಗೇ ಆಗುತ್ತೆ ಅಂತ ನಾನು ಯಾವತ್ತೂ ಹೇಳಿಲ್ಲ.”

ಹೇಳಿದವರು ಬೇರೆಯವರು. ಅದಕ್ಕೇ ರಮ್ಯಶ್ರೀ ಅನ್ನಪೂರ್ಣೇಶ್ವರಿ ನಗರದ ಈ ಪುಟ್ಟ ಲ್ಯಾಬಿಗೆ ಬಂದಿದ್ದು. ಕೆಂಗೇರಿಯಲ್ಲಿ ಖಾನಾವಳಿ ನಡೆಸುವ ಭರಮಪ್ಪನ ಮಗಳು ಚೇತನಾ ರಕ್ತದ ಕ್ಯಾನ್ಸರಿನ ರೋಗಿ. ಲ್ಯಾಬಿನ ಮಾತನ್ನೂ ಅವರು ಕೊಟ್ಟ ಕ್ಯಾಪ್ಸೂಲುಗಳನ್ನೂ ನಂಬಿ ಅಪ್ಪ ಆಸ್ಪತ್ರೆ ಬಿಡಿಸುತ್ತಿದ್ದಾನೆ, ಇದು ನಿಜವೋ ಸುಳ್ಳೋ ಪತ್ತೆ ಮಾಡಿಕೊಡಿ ಎಂದು ಅವಳೇ ಗುಟ್ಟಾಗಿ ಬಂದು ಕೇಳಿಕೊಂಡಿದ್ದಳು. ಚಿಕಿತ್ಸೆಯ ಒಂದು ಸುತ್ತು ಆಗಲೇ ತಪ್ಪಿಹೋಗಿತ್ತು. ಮುಂದಿನ ಸುತ್ತಿಗೆ ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿದ್ಧವಿದೆ. ಅದೂ ಬೇಡವೆಂದು ಭರಮಪ್ಪ ಹಟ ಹಿಡಿದಿದ್ದ.

“ಈಗ ಇನ್ನೊಂದು,” ಎಂದು ಐಶ್ವರ್ಯ ಆಗಲೇ ತೆಗೆದಿಟ್ಟಿದ್ದ ಪಟ್ಟಿಯನ್ನು ಮತ್ತೆ ಇಟ್ಟಳು. “ವಿಜಯದಶಮಿ ಆದ ಮುಂದಿನ ವಾರ ಈ ಲ್ಯಾಬ್ ನಡೆಸೋ ಚನ್ನವೀರೇಶ್ ಸಾರ್ ರೋಗಿಗಳ ಮನೆಯವರನ್ನ ಕರೆದು ಪ್ರದರ್ಶನ ಮಾಡಿದ್ರಲ್ಲ, ಆವತ್ತಿನದು. ನಾನು ನಿಶ್ಚಿತಾರ್ಥಕ್ಕೆ ಅಂತ ಊರಿಗೆ ಹೋಗಿದ್ದೆ.”

ಇಲ್ಲಿ ಗಂಟೂ ಇಲ್ಲ, ಮೂಟೆಯೂ ಇಲ್ಲ. ಎಲ್ಲವೂ ಬಿರಿದು, ಹರಿದು, ಒಂದರ ಮೇಲೊಂದು ಚೆಲ್ಲಿಕೊಂಡಿತ್ತು. ಗ್ಯಾಸ್ ಸಿಲಿಂಡರ್ ಸಿಡಿದ ಮನೆಯ ಹಾಗೆ.

“ಏನು ಹಾಕಿರಬಹುದು?”

“ಸಿಂಕ್ ಪಕ್ಕ ನೋಡಿ, ಬ್ಲೀಚ್. ಬೇಡದ ಕಣಗಳನ್ನ ಎಸೆಯೋ ಮುಂಚೆ ಅದನ್ನೇ ಸುರೀತೀವಿ. ಸ್ವಲ್ಪ ಬಿದ್ರೂ ಹೀಗೇ ಸಿಡೀತವೆ. ಹಾಗಂತ ಅದೇ ಅಂತ ಆಣೆ ಮಾಡಿ ಹೇಳೋಕಾಗಲ್ಲ.”

“ಆಣೆ ಬೇಡ. ಇನ್ನೊಂದು ಪ್ರಶ್ನೆ.” ರಮ್ಯಶ್ರೀ ಎದ್ದು ನಿಂತಳು. “ಅವರ ಹತ್ರ ಒಳ್ಳೆ ಸಂಯುಕ್ತ ಇತ್ತು. ಅದು ಕೆಲಸ ಮಾಡುತ್ತೆ ಅಂತ ನೀವೇ ತೋರಿಸಿದ್ರಿ. ನಿಜವಾದ ಔಷಧ ಕೈಲಿಟ್ಕೊಂಡು ಯಾರಾದ್ರೂ ಬ್ಲೀಚ್ ಯಾಕೆ ಸುರೀತಾರೆ?”

ಐಶ್ವರ್ಯ ಉಗುರು ಕಚ್ಚಿದಳು.

“ಏನೋ ಬಚ್ಚಿಡ್ತಾ ಇದೀರಿ.”

“ಬಚ್ಚಿಡೋದೇನಿಲ್ಲ… ನಾಚಿಕೆ. ಊರಿಂದ ಬಂದ ಮೇಲೆ ನಾನು ಅದೇ ಬಾಟಲಿಯಿಂದ ಹೊಸ ಕಣಗಳಿಗೆ ಹಾಕಿದೆ. ಏನೂ ಆಗ್ಲಿಲ್ಲ. ಮತ್ತೆ ಹಾಕಿದೆ. ಸಾಯೋದಿರಲಿ, ಸಂಸಾರ ಬೆಳೆಸ್ಕೊಂಡು ಆರಾಮಾಗಿವೆ. ನನ್ನ ಕೈಯೇ ಕೆಟ್ಟಿದೆ ಅಂತ ಯಾರಿಗೂ ಹೇಳ್ಲಿಲ್ಲ.”

ಅವಳು ಬೆರಳು ತೋರಿದ ಕಡೆ ಗುಲಾಬಿ ಶರಬತ್ತಿನ ಬಣ್ಣದ ನೀರು ತುಂಬಿದ ಫ್ಲಾಸ್ಕುಗಳು ಸಾಲಾಗಿ ಮಲಗಿದ್ದವು. ಅವುಗಳೊಳಗೆ ಸಾಯಬೇಕಾದವರು ಬದುಕಿದ್ದರು.

“ಆ ಬಾಟಲಿ ತೋರ್ಸಿ.”

ಫ್ರೀಜರಿನಿಂದ ಹೊರಬಂದದ್ದು ಅಂಗೈಯಲ್ಲಿ ಹಿಡಿಸುವ ಸೀಸೆ. ಮೇಲಿಂದ ಕೆಳಗಿನವರೆಗೆ ಅಡುಗೆಮನೆಯ ಬೆಳ್ಳಿ ಹಾಳೆ ಸುತ್ತಿತ್ತು.

“ಇದ್ಯಾಕೆ, ಚಪಾತಿ ಥರ?”

“ಈ ವಿಟಮಿನ್‌ಗೆ ಬೆಳಕು ಆಗಲ್ಲ ಮೇಡಂ. ಬಿಸಿಲು ಬಿದ್ರೆ ಹಾಳಾಗುತ್ತೆ. ಅದಕ್ಕೇ ಕಿಟಕಿಗೆಲ್ಲ ಪರದೆ. ಬೇಕಾದಾಗ ಬಿರಡೆ ಮಾತ್ರ ತೆಗೀತೀವಿ, ಹಾಳೆ ಬಿಚ್ಚಲ್ಲ.”

ರಮ್ಯಶ್ರೀ ಸೀಸೆಯನ್ನು ತಿರುಗಿಸಿ ನೋಡಿದಳು. ಹಾಳೆಯ ಹೊರಮೈ ಸ್ವಚ್ಛ. ಆದರೆ ಸುತ್ತಿದ ಕೈ ಅವಸರದ್ದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಪಕ್ಕದಲ್ಲಿದ್ದ ಉಳಿದ ಸೀಸೆಗಳಿಗೆ ಐಶ್ವರ್ಯ ಸುತ್ತಿದ್ದ ಹಾಳೆಗಳು ಹೊಸ ಪುಸ್ತಕಕ್ಕೆ ರಟ್ಟು ಹಾಕಿದಷ್ಟು ನೀಟಾಗಿದ್ದವು.

“ಹಾಳಾಗಿರೋದೇ ಆದ್ರೆ ಬಿಚ್ಚಬಹುದಲ್ಲ?”

ಐಶ್ವರ್ಯ ಅಳುಕುತ್ತಲೇ ತಲೆಯಾಡಿಸಿದಳು. ರಮ್ಯಶ್ರೀ ಉಗುರಿನ ತುದಿಯಿಂದ ಹಾಳೆಯ ಅಂಚು ಎಬ್ಬಿಸಿ ಸುಲಿದಳು.

ಗಾಜಿನ ಮೇಲೆ, ಸರಿಯಾಗಿ ನಡುವೆ, ವಿಭೂತಿಯ ಗೆರೆ. ಅದರ ಮೇಲೊಂದು ಕುಂಕುಮದ ಬೊಟ್ಟು.

ಹಾಳೆಯ ಹೊರಗಲ್ಲ. ಒಳಗೆ.

“ಅದು ನಾನಿಟ್ಟಿದ್ದು ಕಣಮ್ಮಾ!”

ಬಾಗಿಲಲ್ಲಿ ಮುನಿಯಪ್ಪ ನಿಂತಿದ್ದರು. ಕಟ್ಟಡದ ಮಾಲೀಕರು, ರಮ್ಯಶ್ರೀಯ ದೊಡ್ಡಪ್ಪ. ಈ ಬೀದಿಯೆಲ್ಲ ರಾಗಿ ಹೊಲವಾಗಿದ್ದಾಗ ಇಲ್ಲೇ ನೇಗಿಲು ಹಿಡಿದವರು. ನೀರು ಸೋರುತ್ತಿದೆಯೇ ನೋಡಬೇಕೆಂಬ ನೆಪದಲ್ಲಿ ಅವಳನ್ನು ಲ್ಯಾಬಿನೊಳಗೆ ಕರೆತಂದವರೂ ಅವರೇ.

“ದೊಡ್ಡಪ್ಪಾ, ಈ ಸೀಸೆಗೆ ಕುಂಕುಮ ಇಟ್ರಾ?”

“ಇಡದೆ? ಆಯುಧಪೂಜೆ ದಿನ ಟ್ರ್ಯಾಕ್ಟ್ರಿಗೆ ಇಟ್ಟೆ, ಮೋಟ್ರಿಗೆ ಇಟ್ಟೆ, ಕೆಳಗಡೆ ಅಂಗಡಿ ತಕ್ಕಡಿಗೂ ಇಟ್ಟೆ. ಇವರ ಹೊಟ್ಟೆಪಾಡಿನ ಆಯುಧ ಯಾವ್ದಪ್ಪಾ ಅಂತ ಚನ್ನವೀರೇಶನ್ನ ಕೇಳ್ದೆ. ಇದನ್ನ ತಂದ. ನೋಡಿದ್ರೆ ಮೈಯೆಲ್ಲ ಕಾಗದ ಸುತ್ಕೊಂಡಿದೆ! ದೇವರ ಮುಂದೆ ಮುಖ ಮುಚ್ಕೊಂಡು ಕೂರೋದಾ ಅಂತ ಬೈದೆ. ಪಾಪ, ಅವನೇ ಬಿಚ್ಚಿಕೊಟ್ಟ.”

“ಎಲ್ಲಿಟ್ಟು ಪೂಜೆ ಮಾಡಿದ್ರಿ?”

“ಮಹಡಿ ಮೇಲೆ, ಪೂರ್ವದ ಕಡೆ. ಒಳ್ಳೆ ಬಿಸಿಲು, ಬೆಳಗಿದ ಹಾಗಿತ್ತು.”

“ಪೂಜೆ ಆದ ತಕ್ಷಣ ಎತ್ತಿಬಿಟ್ರಾ?”

ಮುನಿಯಪ್ಪ ಸೊಸೆಯ ಅಡುಗೆ ಸಪ್ಪೆಯಾದಾಗ ನೋಡುವಂತೆ ನೋಡಿದರು. “ಏನಮ್ಮಾ ನೀನು, ಓದಿದೋಳು! ಪೂಜೆಗಿಟ್ಟ ಆಯುಧ ಅವತ್ತು ಮುಟ್ತಾರಾ? ಮಾರನೇ ದಿನ ದಶಮಿ ಪೂಜೆ ಆದ್ಮೇಲೇ ಎತ್ತಿದ್ದು.”

ಐಶ್ವರ್ಯ ಯಾರೂ ಎಣಿಸದ ಹಾಗೆ ನಕ್ಕುಬಿಟ್ಟಳು. “ನನ್ನ ಕೈ ಕೆಟ್ಟಿಲ್ಲ! ನನ್ನ ಕೆಲಸ ಸುಳ್ಳಲ್ಲ!”

“ಯಾಕೆ, ಏನಾಯ್ತು? ಕುಂಕುಮ ಚೆನ್ನಾಗಿರ್ಲಿಲ್ವಾ?” ಎಂದರು ಮುನಿಯಪ್ಪ ಗಾಬರಿಯಿಂದ.

“ನಿಮ್ಮ ಕುಂಕುಮದಿಂದ ಒಂದು ಕಳ್ಳಾಟ ಬಯಲಾಗಿದೆ ದೊಡ್ಡಪ್ಪಾ,” ಎಂದಳು ರಮ್ಯಶ್ರೀ.

ಅವಳ ತಲೆಯಲ್ಲಿ ಎಳೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಹಬ್ಬದ ಬಿಸಿಲಿನಲ್ಲಿ ಸಂಯುಕ್ತ ಸತ್ತಿದೆ. ಸತ್ತ ಸಂಯುಕ್ತ ಕಣಗಳನ್ನು ಕೊಲ್ಲಲಾರದು. ಆದರೂ ಪ್ರದರ್ಶನದ ದಿನ ಕಣಗಳು ಸತ್ತಿವೆ, ಅದೂ ಸಿಡಿದು. ಅಂದರೆ ತನ್ನ ಔಷಧ ಕೈಕೊಟ್ಟಿರುವುದು ಚನ್ನವೀರೇಶನಿಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಕ್ಯಾಪ್ಸೂಲಿಗೆ ತುಂಬಿಸಿ ಒಬ್ಬ ಹುಡುಗಿಯ ಬಾಯಿಗೆ ಕಳಿಸಿದ್ದಾನೆ.

ಅವಳು ಕೈಗಡಿಯಾರ ನೋಡಿಕೊಂಡಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ತಾನು ಬರಹೇಳಿದ್ದ ಭರಮಪ್ಪ ಬಂದಿದ್ದ, ಬಿಳಿ ಟೋಪಿ, ಹೆಗಲಲ್ಲಿ ಟವೆಲು, ಕೈಯಲ್ಲಿ ರೊಟ್ಟಿಯ ಗಂಟು.

“ಯಾಕ್ ಕರದಿರಿ ಅಕ್ಕಾರ? ಖಾನಾವಳ್ಯಾಗ ಊಟದ ಹೊತ್ತು.”

“ಇಲ್ಲೇ ಬೆಂಚಿನ ಮೇಲೆ ಕೂತ್ಕೊಳ್ಳಿ ಭರಮಪ್ಪನೋರೆ. ಒಳಗಡೆ ಮಾತಾಡೋದು ಕೇಳಿಸ್ಕೊಳ್ಳಿ. ನಾನು ಕರೆಯೋ ತನಕ ಏಳಬೇಡಿ.”

ಚನ್ನವೀರೇಶನ ಕೋಣೆಯಲ್ಲಿ ಎಸಿ ತಣ್ಣಗಿತ್ತು. ಅವನು ಅದಕ್ಕಿಂತ ತಣ್ಣಗಿದ್ದ. ರಮ್ಯಶ್ರೀ ಬಾಗಿಲನ್ನು ಒಂದಿಷ್ಟು ತೆರೆದೇ ಬಿಟ್ಟು ಕೂತಳು.

“ನೀರು ಸೋರ್ತಿರೋ ಜಾಗ ಸಿಕ್ತಾ ಮೇಡಂ?”

“ಸಿಕ್ತು ಸಾರ್. ಸೋರ್ತಿರೋದು ನೀರಲ್ಲ.” ಬಿಚ್ಚಿದ ಸೀಸೆಯನ್ನು ಮೇಜಿನ ಮೇಲಿಟ್ಟಳು. ಕುಂಕುಮ ಅವನ ಕಡೆಗೆ ಮುಖ ಮಾಡಿತ್ತು. “ನಾನು ಪತ್ತೇದಾರಿ. ಚೇತನಾ ಅನ್ನೋ ಹುಡುಗಿ ಪರವಾಗಿ ಬಂದಿದೀನಿ.”

ಚನ್ನವೀರೇಶ ಸೀಸೆ ನೋಡಿದ, ಅವಳನ್ನು ನೋಡಿದ, ಮುಗುಳ್ನಕ್ಕ. “ದೇವರ ಪ್ರಸಾದ. ತಪ್ಪೇನಿದೆ?”

“ಪ್ರಸಾದದಲ್ಲಿ ತಪ್ಪಿಲ್ಲ. ಬಿಸಿಲಲ್ಲಿ ಇದು ಕೆಟ್ಟುಹೋಯ್ತು. ಪ್ರದರ್ಶನದ ಬೆಳಿಗ್ಗೆ ನೀವು ಹಾಕಿ ನೋಡಿದ್ರಿ, ಕಣ ಸಾಯ್ಲಿಲ್ಲ. ಜನ ಆಗಲೇ ಹಾಲ್‌ನಲ್ಲಿ ಕೂತಿದ್ರು. ಸಿಂಕ್ ಪಕ್ಕದ ಬ್ಲೀಚ್ ಸುರಿದ್ರಿ.”

“ಕಥೆ ಚೆನ್ನಾಗಿದೆ.”

“ಚಿತ್ರಾನೂ ಇದೆ.” ಅವಳು ಫೋನನ್ನು ಮುಂದೆ ತಳ್ಳಿದಳು. ಪ್ರದರ್ಶನದ ದಿನ ಭರಮಪ್ಪ ತನ್ನ ಮೊಬೈಲಿನಲ್ಲಿ ಹಿಡಿದಿದ್ದ, ಚೇತನಾ ಕಳಿಸಿಕೊಟ್ಟಿದ್ದ ವಿಡಿಯೊ. “ನಿಮ್ಮ ಕೈಲಿರೋ ಫ್ಲಾಸ್ಕ್ ನೋಡಿ. ಮೊದಲು ಗುಲಾಬಿ ಬಣ್ಣ. ನೀವು ಒಳಗೆ ಹೋಗಿ ‘ಔಷಧ’ ಹಾಕ್ಕೊಂಡು ಬಂದ್ಮೇಲೆ ಬಣ್ಣ ಎಲ್ಲಿ ಹೋಯ್ತು? ವಿಟಮಿನ್ ಬಟ್ಟೆ ಒಗೆಯೋ ಕೆಲಸ ಮಾಡಲ್ಲ ಸಾರ್. ಬ್ಲೀಚ್ ಮಾಡುತ್ತೆ.”

ಮುಗುಳ್ನಗೆ ನಿಧಾನವಾಗಿ ಇಳಿಯಿತು. ಆದರೆ ಅವನು ಹೆದರಲಿಲ್ಲ. ಕುರ್ಚಿಗೆ ಒರಗಿ ಕೈ ಕಟ್ಟಿಕೊಂಡ.

“ಸರಿ. ಹಾಕಿದೆ. ಏನೀಗ? ಅದು ಶೋ ಮೇಡಂ. ಬಂದ ಜನಕ್ಕೆ ಏನಾದ್ರೂ ತೋರ್ಸಬೇಕಿತ್ತು. ಹಿಂದೆ ಕೆಲಸ ಮಾಡಿದೆ, ಮುಂದೆನೂ ಮಾಡುತ್ತೆ. ನಡುವೆ ಒಂದಿನ ಕೈಕೊಡ್ತು, ಅಷ್ಟೇ.”

ಬಾಗಿಲು ಪೂರ್ತಿ ತೆರೆದುಕೊಂಡಿತು. ರಮ್ಯಶ್ರೀ ಕರೆದಿರಲಿಲ್ಲ. ಕರೆಯುವ ತನಕ ಕೂರುವುದು ಭರಮಪ್ಪನಿಂದ ಆಗಿರಲಿಲ್ಲ.

“ಅಂದ್ರ ನಾ ಕಣ್ಣಾರೆ ನೋಡಿದ್ದು ಸುಳ್ಳೇನ್ರೀ ಸಾಹೇಬ್ರ?” ಅವನ ದನಿ ಏರಲಿಲ್ಲ, ಇಳಿಯಿತು. “ಅದನ್ನ ನೋಡಿ ನಾ ಮಗಳಿಗೆ ದವಾಖಾನಿ ಬಿಡಿಸೀನ್ರಿ. ಡಾಕ್ಟ್ರು ಕೈ ಮುಗದು ಹೇಳಿದ್ರೂ ಕೇಳಲಿಲ್ಲ.”

ಚನ್ನವೀರೇಶ ಎದ್ದು ಬಂದು ಭರಮಪ್ಪನ ಹೆಗಲ ಮೇಲೆ ಕೈಯಿಟ್ಟ.

“ಭರಮಪ್ಪಾ, ಶೋ ಬಿಡಿ. ಮಗಳ ರಿಪೋರ್ಟ್ ಏನು ಹೇಳುತ್ತೆ? ಆಸ್ಪತ್ರೆ ಬಿಟ್ಟಾಗ ಬಿಳಿ ರಕ್ತಕಣ ಏರ್ತಾ ಇತ್ತು ತಾನೇ? ನನ್ನ ಕ್ಯಾಪ್ಸೂಲ್ ಶುರುವಾದ ಮೇಲೆ?”

“ಇಳದೈತ್ರಿ,” ಎಂದ ಭರಮಪ್ಪ.

“ರಿಪೋರ್ಟ್ ಕೊಟ್ಟಿದ್ದು ಯಾರು? ನಾನಾ?”

“ಇಲ್ಲರಿ. ದವಾಖಾನಿಯವ್ರೇ.”

“ಕೇಳಿಸ್ತಾ ಮೇಡಂ?” ಚನ್ನವೀರೇಶ ಅವಳ ಕಡೆ ತಿರುಗಿದ. “ಫ್ಲಾಸ್ಕಲ್ಲಿ ಬ್ಲೀಚ್ ಹಾಕಬಹುದು. ಹುಡುಗಿ ರಕ್ತದಲ್ಲಿ ಹಾಕೋಕಾಗುತ್ತಾ? ಔಷಧ ಸತ್ತಿದ್ರೆ ಇದು ಹೇಗಾಯ್ತು, ನೀವೇ ಹೇಳಿ.”

ಭರಮಪ್ಪನ ಮುಖದಲ್ಲಿ ಆರಿಹೋಗಿದ್ದ ಆಸೆ ಮತ್ತೆ ಹೊತ್ತಿಕೊಳ್ಳುವುದನ್ನು ರಮ್ಯಶ್ರೀ ಕಂಡಳು. ನಾಳೆಯ ಹಾಸಿಗೆ ಕೈತಪ್ಪುತ್ತಿರುವುದೂ ಅಲ್ಲೇ ಕಂಡಿತು. ಉತ್ತರ ಎಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಪರ್ಸಿನಿಂದ ಮಡಿಸಿದ ಕಾಗದವನ್ನು ತೆಗೆದಳು. ಒಳಗೆ ಕಡುಗೆಂಪು ಬಣ್ಣದ ಒಂದು ಕ್ಯಾಪ್ಸೂಲ್. ಚೇತನಾಳ ಮನೆಯಲ್ಲಿ ಔಷಧದ ಡಬ್ಬಿಯನ್ನು ಅವಳ ತಾಯಿ ದಾನಮ್ಮ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಹೊತ್ತು ಹೊತ್ತಿಗೆ ತಾನೇ ಬಾಯಿಗೆ ಹಾಕುತ್ತಿದ್ದಳು. ತಾಯಿ ಸ್ನಾನಕ್ಕೆ ಹೋದಾಗ ಚೇತನಾ ಕದ್ದು ತಂದುಕೊಟ್ಟದ್ದು ಇದೊಂದೇ.

“ಇದನ್ನ ಪರೀಕ್ಷೆಗೆ ಕಳಿಸೋಣ ಅಂತ ಇಟ್ಕೊಂಡಿದ್ದೆ.”

“ಕಳಿಸೋದ್ಯಾಕೆ? ಇಲ್ಲೇ ಒಡೆದು ನೋಡಿ!” ಚನ್ನವೀರೇಶ ಗೆದ್ದವನ ಹಾಗೆ ನಕ್ಕ. “ಐಶ್ವರ್ಯ, ಬಾರಮ್ಮಾ. ನಿನ್ನ ಸಂಯುಕ್ತಾನೇ ಇದೆಯಾ ಇಲ್ವಾ ಇವರಿಗೆ ತೋರ್ಸು. ಎಣ್ಣೇಲಿ ಕಲಸಿ ನಾನೇ ಕೈಯಾರೆ ತುಂಬಿಸಿದ್ದು.”

ಐಶ್ವರ್ಯ ಕೈಗವಸು ಹಾಕಿಕೊಂಡು ಬಿಳಿ ತಟ್ಟೆಯ ಮೇಲೆ ಕ್ಯಾಪ್ಸೂಲನ್ನು ಹಿಡಿದಳು. ಎರಡೂ ತುದಿ ಹಿಡಿದು ಮೆಲ್ಲಗೆ ತಿರುಚಿದಳು.

ಎಣ್ಣೆ ಬೀಳಲಿಲ್ಲ.

ಪುಡಿ ಉದುರಿತು. ಬೆಳ್ಳಗೆ, ಒಣಗಿದ ಪುಡಿ.

“ಇದು ನಮ್ಮದಲ್ಲ,” ಎಂದಳು ಐಶ್ವರ್ಯ ಪಿಸುದನಿಯಲ್ಲಿ.

ರಮ್ಯಶ್ರೀ ಪುಡಿಯನ್ನು ನೋಡಲಿಲ್ಲ. ಚನ್ನವೀರೇಶನ ಮುಖ ನೋಡುತ್ತಿದ್ದಳು. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಸ್ವಲ್ಪ ಹೊತ್ತಿನ ಮುಂಚೆ ಬ್ಲೀಚಿನ ಮಾತು ಬಂದಾಗ ಅದನ್ನೇ ನೋಡಿದ್ದಳು. ಇದು ಅದಲ್ಲ. ಇದು ತನ್ನ ಮನೆಗೆ ಬಂದು ಬೀಗ ತೆಗೆದರೆ ಒಳಗೆ ಬೇರೆ ಸಂಸಾರ ಕಂಡವನ ಮುಖ.

“ನಾನು… ನಾನು ಪುಡಿ ತುಂಬಿಸಿಲ್ಲ. ನನ್ನಾಣೆ ಮೇಡಂ. ಎಣ್ಣೆ ಹಾಕಿದ್ದು.”

“ಇದನ್ನ ಮಾತ್ರ ನಂಬ್ತೀನಿ,” ಎಂದಳು ರಮ್ಯಶ್ರೀ. “ನಿಮ್ಮ ಸತ್ತ ಔಷಧದಿಂದ ಹುಡುಗಿ ರಕ್ತ ಬದಲಾಗಿಲ್ಲ. ಇದರಿಂದ ಆಗಿದೆ. ಬೇರೆ ಯಾರೋ ಅದೇ ಬಣ್ಣದ ಕವಚ ಹುಡುಕಿ, ಬೇರೇನೋ ತುಂಬಿಸಿದ್ದಾರೆ.”

“ಏನು ಅಂತ ಗೊತ್ತಾಗ್ಲೇಬೇಕು,” ಎಂದಳು ಐಶ್ವರ್ಯ. “ನಾಳೆ ಡಾಕ್ಟರು ಮೊದಲು ಕೇಳೋದೇ ಅದನ್ನ, ಇಷ್ಟು ದಿನ ಏನು ಕೊಟ್ರಿ ಅಂತ. ಕಣ ಇಳಿದಿದೆ ಅಂದ ಮಾತ್ರಕ್ಕೆ ಒಳ್ಳೇದು ಅಂತಲ್ಲ. ಬೇಕಾದ ಕಣಗಳನ್ನೂ ಕೊಲ್ತಾ ಇರಬಹುದು. ಅದು ಗೊತ್ತಿಲ್ಲದೆ ಮೇಲಿಂದ ಇನ್ನೊಂದು ಔಷಧ ಹಾಕಿದ್ರೆ ಜೀವಕ್ಕೇ ಅಪಾಯ.”

ಭರಮಪ್ಪ ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡ. “ನಾಳೆ ನಸುಕಿನ್ಯಾಗ ದವಾಖಾನಿಗೆ ಕರಕೊಂಡು ಹೋಗ್ತೀನ್ರಿ ಅಕ್ಕಾರ. ಇನ್ನ ಯಾರ ಮಾತೂ ಕೇಳಂಗಿಲ್ಲ. ಆದ್ರ…”

“ಆದ್ರೆ ಏನು? ಇಲ್ಲಿಂದ ಕ್ಯಾಪ್ಸೂಲ್ ಒಯ್ದಿದ್ದು ಯಾರು?”

“ನಾನರಿ. ಕಿಸೇದಾಗ ಇಟ್ಕೊಂಡು ಮೆಟ್ರೋ ಹತ್ತಿ ಸೀದಾ ಮನೀಗೆ. ಮಂದಿ ಕೈಗೆ ಕೊಟ್ಟೇ ಇಲ್ಲ.”

“ಮನೇಲಿ ಯಾರ ಕೈಗೆ ಕೊಟ್ರಿ?”

ಭರಮಪ್ಪ ಬಾಯಿ ತೆರೆದ. ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿದರೆ ಏನಾಗುತ್ತದೆ ಎಂಬುದು ಆಗಷ್ಟೇ ಹೊಳೆದವನ ಹಾಗೆ ಟವೆಲನ್ನು ಬಾಯಿಗೆ ಒತ್ತಿಕೊಂಡ.

ರಮ್ಯಶ್ರೀಗೆ ತಾನು ವಿಚಾರಿಸಲು ಹೋಗಿದ್ದಾಗ ಕಂಡ ಆ ಖಾನಾವಳಿಯ ಒಳಕೋಣೆ ನೆನಪಾಯಿತು. ಒಲೆಯ ಮುಂದೆ ಕೂತು ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ರಮ್ಯಶ್ರೀ ಕೇಳಿದ ಯಾವ ಪ್ರಶ್ನೆಗೂ ದಾನಮ್ಮ ತಲೆಯೆತ್ತಿರಲಿಲ್ಲ. ಗಂಡನ ಮಾತಿಗೆ ಎದುರು ಮಾತಾಡದವಳು ಎಂದು ಬೀದಿಯವರೆಲ್ಲ ಹೊಗಳಿದ್ದರು. ಆ ಹೊಗಳಿಕೆಯನ್ನು ಅಂದೇ ಅನುಮಾನಿಸಬೇಕಿತ್ತು.

ಫೋನು ಮೇಜಿನ ಮೇಲೆ ಗುಂಯ್ಗುಟ್ಟಿತು. ಚೇತನಾ. ರಮ್ಯಶ್ರೀ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

“ಅಕ್ಕಾರ, ಅವ್ವ ಮನ್ಯಾಗಿಲ್ರೀ.” ಹುಡುಗಿಯ ಉಸಿರು ಮೇಲೆ ಕೆಳಗಾಗುತ್ತಿತ್ತು. “ಗುಳಿಗಿ ಡಬ್ಬಿ ಸೆರಗಿನ್ಯಾಗ ಕಟ್ಕೊಂಡು ಹೋಗ್ಯಾಳ. ಫೋನ್ ಒಲಿ ಮಗ್ಗಲಕ ಬಿಟ್ಟಾಳ. ಎಲ್ಲಿಗೆ ಅಂತ ಯಾರಿಗೂ ಹೇಳಿಲ್ರೀ.”

“ಗಾಬರಿ ಆಗ್ಬೇಡ ಚೇತನಾ. ಎಷ್ಟು ಹೊತ್ತಾಯ್ತು?”

“ಅಪ್ಪ ನಿಮ್ ಕಡೆ ಹೊಂಟ ಕೂಡ್ಲೇ ಹೋದ್ಳು. ಗಿರಾಕಿ ಬಂದ್ರು ಅಂತ ನಾನೇ ರೊಟ್ಟಿ ಮಾಡಾಕ ಕುಂತೆ ಅಕ್ಕಾರ. ಜೋಳದ ಹಿಟ್ಟಿನ ಡಬ್ಬ್ಯಾಗ ಕೈ ಹಾಕಿದ್ರ…”

“ಹಾಕಿದ್ರೆ?”

“ಲ್ಯಾಬಿನ ಕ್ಯಾಪ್ಸೂಲ್ ಸಿಕ್ಕಾವ್ರೀ. ಅಪ್ಪ ತಂದ ಪಾಕೀಟು ಎಲ್ಲಾ ಇಲ್ಲೇ ಅದಾವ. ಒಂದೂ ಒಡದಿಲ್ಲ.” ಚೇತನಾಳ ದನಿ ಅಲ್ಲಿಗೆ ಸಣ್ಣದಾಯಿತು. “ಹಂಗಾದ್ರ ಇಷ್ಟು ದಿನ ಅವ್ವ ನನಗ ನುಂಗಿಸಿದ್ದು ಏನ್ರೀ ಅಕ್ಕಾ?”